ಎಂಎಸ್ ಇರುವವರ ನಡುಕವನ್ನೂ ಇತರ ಲಕ್ಷಣಗಳನ್ನೂ ಮನೆಯಲ್ಲೇ ಅಳೆದು ಬರೆದಿಡುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಮಂಗಳೂರಿನ ನರರೋಗ ತಜ್ಞರನ್ನು ಕಾಣಲು ಹೋಗುವವರ ಒಂದು ದಿನ ಹೇಗೆ ಕಳೆಯುತ್ತದೆಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಮೊದಲೇ ಹೊರಟು, ಬಸ್ಸು ಬದಲಿಸಿ, ಗಡಿ ದಾಟಿ, ಚೀಟಿ ಮಾಡಿಸಿ, ಸರದಿಗಾಗಿ ಕಾದು ಒಳಗೆ ಹೋಗುವಾಗ ಮಧ್ಯಾಹ್ನವಾಗಿರುತ್ತದೆ. ಸಿಗುವುದು ಕೆಲವೇ ನಿಮಿಷ. ‘ಹೇಗಿದ್ದೀರಿ?’ ಎಂದು ಕೇಳಿದರೆ ‘ಕೈ ನಡುಗುತ್ತದೆ ಡಾಕ್ಟ್ರೇ’ ಎಂಬುದೊಂದೇ ಉತ್ತರ. ಕಳೆದ ಸಲಕ್ಕಿಂತ ಹೆಚ್ಚೋ ಕಡಿಮೆಯೋ ಎಂದರೆ ಜತೆಗೆ ಬಂದವರ ಮುಖ ನೋಡಬೇಕಾಗುತ್ತದೆ.

ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವ ಕೆಲಸ ನನ್ನದು. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ಸಂಗತಿಯೇ ಈ ಬರಹಕ್ಕೆ ಕಾರಣ: ನಡುಕ ಎಲ್ಲರ ಕಣ್ಣಿಗೂ ಬೀಳುವುದರಿಂದ ಅದೇ ದೊಡ್ಡ ತೊಂದರೆ ಎಂದು ಎಲ್ಲರೂ ಭಾವಿಸುತ್ತಾರೆ. ಆ ವ್ಯಕ್ತಿಯ ದಿನವನ್ನು ನಿಜವಾಗಿ ಕೆಡಿಸುತ್ತಿರುವುದು ಅನೇಕ ಸಲ ಬೇರೆಯೇ ಆಗಿರುತ್ತದೆ. ಇದನ್ನು ಬಿಡಿಸಿ ನೋಡಲು ದೊಡ್ಡ ಯಂತ್ರಗಳು ಬೇಕಾಗಿಲ್ಲ. ಒಂದು ನೋಟ್‌ಬುಕ್, ಮೊಬೈಲಿನ ಗಡಿಯಾರ, ಎರಡು ಸ್ಟೀಲ್ ಲೋಟ, ಒಂದು ಚೆನ್ನೆಮಣೆ (ಅಳಗುಳಿ ಮಣೆ) ಇದ್ದರೆ ಬಹಳಷ್ಟು ಕೆಲಸ ಆಗುತ್ತದೆ.

ಇದು ರೋಗ ಪತ್ತೆಗಾಗಿ ಬರೆದದ್ದಲ್ಲ. ಎಂಎಸ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ನರರೋಗ ತಜ್ಞರ ಪರೀಕ್ಷೆ, ಎಂಆರ್‌ಐ, ಕೆಲವೊಮ್ಮೆ ಬೆನ್ನುಹುರಿಯ ಸುತ್ತಲಿನ ದ್ರವದ ಪರೀಕ್ಷೆ ಬೇಕು. ರೋಗ ಗೊತ್ತಾದ ಮೇಲೆ ಮನೆಯವರು, ಆಶಾ ಕಾರ್ಯಕರ್ತೆಯರು, ಪಂಚಾಯತಿನ ಪಾಲಿಯೇಟಿವ್ (ನೋವು, ಕಷ್ಟ ತಗ್ಗಿಸುವ ಆರೈಕೆಯ) ನರ್ಸ್‌ಗಳು ಮಾಡಬಹುದಾದದ್ದು ಇಲ್ಲಿದೆ.

ನಡುಕ ಎಲ್ಲಿಂದ ಬರುತ್ತದೆ

ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮೇಲಿರುವ ಮಯಲಿನ್ ಪೊರೆಯನ್ನು ಹಾಳುಗೆಡವುತ್ತದೆ. ಸಂದೇಶಗಳು ನಿಧಾನವಾಗುತ್ತವೆ, ಕೆಲವು ನಡುವೆಯೇ ನಿಂತುಹೋಗುತ್ತವೆ. ಯಾವ ಜಾಗದಲ್ಲಿ ಪೊರೆ ಹೋಗಿದೆ ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ತಲೆಯ ಹಿಂಭಾಗದ ಕಿರುಮೆದುಳು ಮತ್ತು ಅದಕ್ಕೆ ಹೋಗಿಬರುವ ನರಮಾರ್ಗಗಳಿಗೆ ಪೆಟ್ಟಾದಾಗ ನಡುಕ ಬರುತ್ತದೆ. 1868ರಲ್ಲಿ ಪ್ಯಾರಿಸ್‌ನ ವೈದ್ಯ ಝಾನ್ ಮಾರ್ಟಿನ್ ಶಾರ್ಕೊ ಈ ರೋಗವನ್ನು ವಿವರಿಸಿದಾಗಲೇ ಕೈ ಚಾಚಿದಾಗಿನ ನಡುಕ, ಕಣ್ಣುಗುಡ್ಡೆಯ ಓಲಾಟ, ತುಂಡುತುಂಡಾದ ಮಾತು ಎಂಬ ಮೂರನ್ನು ಒಟ್ಟಿಗೆ ಗುರುತಿಸಿದ್ದರು. ಎಲ್ಲರಿಗೂ ನಡುಕ ಬರುವುದಿಲ್ಲ. ಬೇರೆ ಬೇರೆ ಅಧ್ಯಯನಗಳಲ್ಲಿ ಕಾಲು ಭಾಗದಿಂದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಲ್ಲಿ ಅದು ಕಂಡಿದೆ, ತೀವ್ರವಾದದ್ದು ಅವರಲ್ಲಿ ಸಣ್ಣ ಪಾಲಿಗೆ ಮಾತ್ರ.

ಆಸ್ಪತ್ರೆಯ ಕಡತದಲ್ಲಿ ‘ಇಡಿಎಸ್‌ಎಸ್’ ಎಂಬ ಅಂಕೆ ನೀವು ನೋಡಿರಬಹುದು. ಎಂಎಸ್‌ನಿಂದ ಮೈಯ ಶಕ್ತಿ ಎಷ್ಟು ಕುಂದಿದೆ ಎಂದು ತೋರಿಸಲು ಜಾನ್ ಕರ್ಟ್ಸ್‌ಕೆ ಎಂಬ ನರರೋಗ ತಜ್ಞರು 1983ರಲ್ಲಿ ಈಗಿನ ರೂಪ ಕೊಟ್ಟ ಅಳತೆ ಅದು. 0ಯಿಂದ 10ರವರೆಗೆ ಅರ್ಧರ್ಧ ಅಂಕ ಏರುತ್ತದೆ. 4ಕ್ಕಿಂತ ಮೇಲೆ ಹೋದಂತೆ ಅದು ಬಹುಪಾಲು ನಡಿಗೆಯನ್ನೇ ಅಳೆಯುತ್ತದೆ. ಹಾಗಾಗಿ ಒಬ್ಬರ ಕೈ ವರ್ಷದಲ್ಲಿ ಎಷ್ಟೋ ಕೆಟ್ಟಿದ್ದರೂ ಆ ಅಂಕೆ ಕದಲದೆ ಇರಬಹುದು. ಕೈಯ ಲೆಕ್ಕವನ್ನು ಬೇರೆಯಾಗಿ ಇಡಲೇಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಮೊದಲ ಹೆಜ್ಜೆ: ಹೊತ್ತು, ಜಾಗ, ಸಾಮಾನು ಗೊತ್ತುಮಾಡಿಕೊಳ್ಳಿ

ಒಂದೇ ಹೊತ್ತು, ಒಂದೇ ಕುರ್ಚಿ, ಅದೇ ಲೋಟ. ಇಂದು ಬೆಳಗ್ಗೆ, ಮುಂದಿನ ತಿಂಗಳು ಸಂಜೆ ಅಳೆದರೆ ಆ ಎರಡು ಅಂಕೆಗಳನ್ನು ಪಕ್ಕಪಕ್ಕ ಇಟ್ಟು ಏನೂ ಹೇಳಲಾಗದು. ಬೆಳಗ್ಗಿನ ತಿಂಡಿಯಾಗಿ ಒಂದು ಗಂಟೆಯ ಮೇಲೆ, ಸೆಕೆ ಏರುವ ಮೊದಲು ಮಾಡುವುದು ನಮ್ಮ ಊರಿಗೆ ಹೊಂದುತ್ತದೆ. ಬಿಸಿನೀರಿನ ಸ್ನಾನ ಮಾಡಿದ ಕೂಡಲೇ ಬೇಡ. ಗಟ್ಟಿ ಕಾಫಿ ಕುಡಿದ ಕೂಡಲೇ ಬೇಡ. ಕೈಯನ್ನು ತಣ್ಣೀರಿನಲ್ಲಿ ಅದ್ದಿ ತೆಗೆದ ಮೇಲೆಯೂ ಬೇಡ. ಮೊಣಕೈಯಿಂದ ಕೆಳಗೆ ತಣಿಸಿದರೆ ಕೆಲವರ ನಡುಕ ಸ್ವಲ್ಪ ಹೊತ್ತು ತಗ್ಗುತ್ತದೆ, ಅಳತೆ ತಪ್ಪುತ್ತದೆ.

ಪುಟದ ಮೇಲೆ ದಿನಾಂಕ, ಗಂಟೆ, ಹಿಂದಿನ ರಾತ್ರಿಯ ನಿದ್ದೆ, ಜ್ವರ ಇದೆಯೇ ಇಲ್ಲವೇ, ಕೊನೆಯ ಮಾತ್ರೆ ತೆಗೆದುಕೊಂಡ ಹೊತ್ತು ಇವಿಷ್ಟನ್ನು ಮೊದಲು ಬರೆಯಿರಿ. ಸಪ್ತ ಭಾಷೆಗಳ ಜಿಲ್ಲೆ ನಮ್ಮದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆರೋಗ್ಯ ಕೇಂದ್ರದ ಚೀಟಿಯಲ್ಲಿ ಮಲಯಾಳ. ನಿಮ್ಮ ಕನ್ನಡ ಟಿಪ್ಪಣಿ ಓದಲಾಗದ ನರ್ಸ್ ಕೂಡ ಅಂಕೆಗಳನ್ನು ಓದುತ್ತಾರೆ. ಆದ್ದರಿಂದ ಅಂಕೆಯಲ್ಲಿ ಬರೆಯಬಹುದಾದದ್ದನ್ನು ಅಂಕೆಯಲ್ಲೇ ಬರೆಯಿರಿ.

ಎರಡನೆಯ ಹೆಜ್ಜೆ: ಮುಟ್ಟುವ ಮೊದಲು ಕೇಳಿ

ಕೇಳಬೇಕಾದ ಮೊದಲ ಪ್ರಶ್ನೆ ‘ಎಲ್ಲಿ ನಡುಗುತ್ತದೆ?’ ಎಂಬುದಲ್ಲ. ‘ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದು? ಯಾಕೆ ಬಿಟ್ಟಿರಿ?’ ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ. ಮನೆಯವರು ನಡುವೆ ಬಾಯಿ ಹಾಕದಂತೆ ಮೃದುವಾಗಿಯೇ ಹೇಳಿ.

ಗಡಿಭಾಗದ ಕನ್ನಡ ಶಾಲೆಯ ಟೀಚರ್ ಒಬ್ಬರನ್ನು ನೋಡುತ್ತಿದ್ದೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಸೀಮೆಸುಣ್ಣ ಒಂದು ಗೇಣು ದೂರವಿರುವವರೆಗೆ ಏನೂ ಇಲ್ಲ. ಹತ್ತಿರವಾದಂತೆ ಅದರ ತುದಿ ಅತ್ತಿತ್ತ ಓಲಾಡಿ, ಅಕ್ಷರ ಶುರುವಾಗುವ ಮೊದಲೇ ಬೋರ್ಡಿಗೆ ಟಕಟಕ ಬಡಿಯುತ್ತಿತ್ತು. ಮಕ್ಕಳು ನೋಡುತ್ತಾರೆಂಬ ಸಂಕಟ ಅವರಿಗೆ. ಮುಖ್ಯ ಶಿಕ್ಷಕರೂ ಮನೆಯವರೂ ನಡುಕಕ್ಕಾಗಿಯೇ ಕೆಲಸ ಬಿಡಿಸುವ ಮಾತಾಡುತ್ತಿದ್ದರು. ಯಾವ ಪಿರಿಯಡ್‌ನಲ್ಲಿ ಏನು ಕಷ್ಟ ಎಂದು ಒಂದೊಂದಾಗಿ ಕೇಳುತ್ತ ಹೋದಾಗ ಬೇರೆ ಚಿತ್ರ ಬಂತು. ಮೊಣಕೈಯನ್ನು ಬೋರ್ಡಿಗೆ ಒತ್ತಿ ಹಿಡಿದು ಬರೆಯುವುದನ್ನು ಅವರು ಆಗಲೇ ಕಲಿತಿದ್ದರು. ಸೋಲುತ್ತಿದ್ದುದು ಮಧ್ಯಾಹ್ನದ ಊಟದ ಮೇಲೆ: ನೋಟ್‌ಬುಕ್ ತಿದ್ದುವಾಗ ಸಾಲುಗಳು ಎರಡೆರಡಾಗಿ ಕಾಣುತ್ತಿದ್ದವು, ಮೈ ಕುರ್ಚಿಯಿಂದ ಏಳುತ್ತಿರಲಿಲ್ಲ. ಇದನ್ನು ಅವರು ವೈದ್ಯರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ. ತರಗತಿಗಳನ್ನು ಬೆಳಗ್ಗಿನ ಹೊತ್ತಿಗೆ ತಂದ ಮೇಲೆ ಅವರು ಪಾಠ ಮಾಡುತ್ತಲೇ ಇದ್ದರು, ನಡುಕ ಇದ್ದಷ್ಟೇ ಇತ್ತು.

ಮೂರನೆಯ ಹೆಜ್ಜೆ: ನಡುಕವನ್ನು ಮೂರು ಸ್ಥಿತಿಯಲ್ಲಿ ನೋಡಿ

ಕೈಗಳಿಲ್ಲದ, ಆದರೆ ಗಟ್ಟಿ ಬೆನ್ನಿರುವ ಕುರ್ಚಿಯಲ್ಲಿ ಕೂರಿಸಿ. ಪಾದಗಳೆರಡೂ ನೆಲಕ್ಕೆ ತಾಗಿರಲಿ.

ಮೊದಲನೆಯದು ವಿಶ್ರಾಂತಿ. ಎರಡೂ ಕೈಗಳು ತೊಡೆಯ ಮೇಲೆ ಸಡಿಲವಾಗಿರಲಿ. 20ರಿಂದ ಹಿಂದಕ್ಕೆ ಎಣಿಸಲು ಹೇಳಿ. ಗಮನ ಬೇರೆಡೆಗೆ ಹೋದಾಗ ಅಡಗಿದ್ದ ನಡುಕ ಹೊರಗೆ ಬರುತ್ತದೆ. ಎಂಎಸ್‌ನಲ್ಲಿ ಕೈ ಸುಮ್ಮನಿರುವಾಗ ನಡುಗುವುದು ಅಪರೂಪ. ಹಾಗೆ ಕಂಡರೆ ಬೇರೆ ಕಾರಣವಿದೆಯೇ ಎಂದು ವೈದ್ಯರು ನೋಡಬೇಕು, ಆ ಮಾತನ್ನು ಅಡಿಗೆರೆ ಹಾಕಿ ಬರೆದಿಡಿ.

ಎರಡನೆಯದು ಎತ್ತಿ ಹಿಡಿದ ಕೈ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳು ಬಿಡಿಸಿ 20 ಸೆಕೆಂಡು. ಆಮೇಲೆ ಮೊಣಕೈ ಮಡಚಿ, ಎರಡೂ ತೋರುಬೆರಳುಗಳ ತುದಿಯನ್ನು ಮೂಗಿನ ಮುಂದೆ ಒಂದಕ್ಕೊಂದು ತಾಗದಂತೆ ಎದುರುಬದುರು ಹಿಡಿಸಿ. ತೋಳಿನ ಬುಡದಿಂದ ಬರುವ ನಡುಕ ಈ ಎರಡನೆಯ ಭಂಗಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ: ಬೆರಳಿನ ನಡುಕಕ್ಕೂ ಭುಜದ ನಡುಕಕ್ಕೂ ಸಹಾಯದ ದಾರಿ ಬೇರೆ ಬೇರೆ.

ಮೂರನೆಯದು ಗುರಿಯ ಕಡೆಗೆ ಹೋಗುವ ಕೈ. ಎಂಎಸ್‌ನ ನಡುಕ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ನಿಮ್ಮ ತೋರುಬೆರಳನ್ನು ಅವರ ಮುಂದೆ, ಅವರ ಕೈ ಬಹುತೇಕ ಪೂರ್ತಿ ಚಾಚಬೇಕಾಗುವಷ್ಟು ದೂರದಲ್ಲಿ ನಿಲ್ಲಿಸಿ. ಅವರು ತಮ್ಮ ಮೂಗಿನ ತುದಿ ಮುಟ್ಟಿ, ನಿಮ್ಮ ಬೆರಳು ಮುಟ್ಟಿ, ಮತ್ತೆ ಮೂಗಿಗೆ ಹೋಗಲಿ. ನಿಧಾನವಾಗಿ, ಪ್ರತಿ ಕೈಯಲ್ಲೂ ಐದು ಸಲ. ಬಿರುಸಾಗಿ ಮಾಡಿದರೆ ಕಣ್ಣಿಗೆ ಚುಚ್ಚಿಕೊಳ್ಳುವ ಅಪಾಯ ಇದೆ. ತೀವ್ರ ನಡುಕ ಇರುವವರಿಗೆ ಮೂಗಿನ ಬದಲು ಗಲ್ಲ ಮುಟ್ಟಲು ಹೇಳಿ. ನೀವು ನೋಡಬೇಕಾದದ್ದು ಎರಡು. ಗುರಿ ಹತ್ತಿರವಾದಂತೆ ಓಲಾಟ ಹೆಚ್ಚುತ್ತದೆಯೇ? ಬೆರಳು ಗುರಿಯನ್ನು ದಾಟಿಯೋ ಮುಟ್ಟದೆಯೋ ಹೋಗುತ್ತದೆಯೇ? ಮೊದಲನೆಯದು ನಡುಕ, ಎರಡನೆಯದು ಅಳತೆ ತಪ್ಪುವುದು. ಎರಡೂ ಜತೆಯಲ್ಲಿ ಇರುವುದು ಸಾಮಾನ್ಯ.

ಅಂಕ ಕೊಡಲು ಫಾನ್, ತೊಲೋಸಾ, ಮರಿನ್ ಎಂಬ ಮೂವರ ಹೆಸರಿನ ಅಳತೆಪಟ್ಟಿ ಹಳ್ಳಿಯಲ್ಲೂ ಬಳಸುವಷ್ಟು ಸರಳ. ನಡುಕ ಇಲ್ಲದಿದ್ದರೆ 0. ಗಮನವಿಟ್ಟು ನೋಡಿದರಷ್ಟೇ ಕಾಣುವಂಥದ್ದು 1. ಓಲಾಟ 2 ಸೆಂಟಿಮೀಟರಿನೊಳಗೆ ಇದ್ದರೆ 2, ಎರಡರಿಂದ ನಾಲ್ಕು ಸೆಂಟಿಮೀಟರಾದರೆ 3, ಅದಕ್ಕೂ ಮೀರಿದರೆ 4. ಹಿಂದೆ ಗೋಡೆಗೆ ಗೆರೆ ಎಳೆದ ಹಾಳೆ ಅಂಟಿಸಿ ಮೊಬೈಲಿನಲ್ಲಿ ವಿಡಿಯೊ ಮಾಡಿದರೆ ಸೆಂಟಿಮೀಟರು ಅಂದಾಜಿಸುವುದು ಸುಲಭ. ವಿಡಿಯೊ ಮಾಡುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಪಡೆಯಿರಿ. ಅದು ವೈದ್ಯರಿಗೆ ತೋರಿಸಲು ಮಾತ್ರ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು. ಇದನ್ನು ನಾನು ಪ್ರತಿ ಮನೆಯಲ್ಲೂ ಹೇಳುತ್ತೇನೆ.

ಕಾಲಿಗೂ ಇದೇ ಕ್ರಮ. ಮಲಗಿಸಿ, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಮೊಣಕಾಲಿನ ಮೇಲಿಟ್ಟು ಮುಂಗಾಲಿನ ಎಲುಬಿನ ಮೇಲೆಯೇ ಪಾದದವರೆಗೆ ಜಾರಿಸಲು ಹೇಳಿ. ಹಿಮ್ಮಡಿ ಎಲುಬಿನಿಂದ ಪಕ್ಕಕ್ಕೆ ಜಾರಿ ಜಾರಿ ಬೀಳುತ್ತದೆಯೇ ನೋಡಿ. ಬೆನ್ನಿಗೆ ಆಸರೆಯಿಲ್ಲದೆ ಕುಳಿತು ಮಾತಾಡುವಾಗ ತಲೆ ಅಥವಾ ಮೈ ತೂಗುತ್ತದೆಯೇ, ಮಾತು ಅಕ್ಷರ ಅಕ್ಷರವಾಗಿ ಬಿಡಿಬಿಡಿಯಾಗುತ್ತದೆಯೇ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ನಾಲ್ಕನೆಯ ಹೆಜ್ಜೆ: ನಡುಕವೇ ಹೌದೇ?

‘ಕೈ ನಿಲ್ಲುವುದಿಲ್ಲ’ ಎಂಬ ಮಾತಿನ ಹಿಂದೆ ಮೂರು ಬೇರೆ ತೊಂದರೆಗಳಿರಬಹುದು. ಚಾಚಿದ ಕೈಯನ್ನು ಕಣ್ಣು ಮುಚ್ಚಿ ಹಿಡಿಯಲು ಹೇಳಿ. ಕಣ್ಣು ತೆರೆದಾಗ ಸುಮ್ಮನಿದ್ದ ಬೆರಳುಗಳು ಕಣ್ಣು ಮುಚ್ಚಿದ ಕೂಡಲೇ ನಿಧಾನವಾಗಿ ಹೊರಳಾಡಿದರೆ ಕೈ ಎಲ್ಲಿದೆ ಎಂಬ ಅರಿವೇ ಕುಂದಿದೆ. ಕೈ ಮೆಲ್ಲನೆ ಕೆಳಗಿಳಿಯುತ್ತ ಬಂದರೆ ಶಕ್ತಿ ಕಡಿಮೆಯಾಗಿದೆ. ಎರಡೂ ಇಲ್ಲದೆ ಗುರಿಯ ಹತ್ತಿರ ಮಾತ್ರ ಓಲಾಡಿದರೆ ಕಿರುಮೆದುಳಿನ ನಡುಕವೆಂದು ತಿಳಿಯಬಹುದು. ತೂಕದ ಮಣಿಕಟ್ಟು ಪಟ್ಟಿ ನಡುಕಕ್ಕೆ ಕೆಲವರಿಗೆ ಉಪಯೋಗವಾಗುತ್ತದೆ, ಬಲಹೀನ ಕೈಗೆ ಅದೇ ಭಾರವಾಗುತ್ತದೆ. ಹಾಗಾಗಿ ಬಿಡಿಸಿ ನೋಡದೆ ಅಂಗಡಿಯಿಂದ ತಂದು ಕಟ್ಟಬೇಡಿ.

ಮಾತ್ರೆಗಳ ಚೀಲವನ್ನು ಪೂರ್ತಿ ಮೇಜಿನ ಮೇಲೆ ಸುರಿಸಿ ನೋಡಿ. ದಮ್ಮಿನ ಸಾಲ್‌ಬ್ಯುಟಮಾಲ್, ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್, ಲಿಥಿಯಂ, ಪ್ರಮಾಣ ಹೆಚ್ಚಾದ ಥೈರಾಯ್ಡ್ ಮಾತ್ರೆ ಇವೆಲ್ಲ ನಡುಕ ತರಬಲ್ಲವು. ತಲೆಸುತ್ತಿಗೆಂದು ಕೊಟ್ಟ ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಮೈ ಬಿಗಿದು, ಸುಮ್ಮನಿರುವಾಗಲೂ ಕೈ ನಡುಗಬಹುದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಇಳಿದಾಗಲೂ ನಡುಕ ಬರುತ್ತದೆ. ಮಾತ್ರೆ ನಿಲ್ಲಿಸುವುದು ನಮ್ಮ ಕೆಲಸವಲ್ಲ; ಹೆಸರು ಮತ್ತು ಪ್ರಮಾಣ ಬರೆದುಕೊಂಡು ಹೋಗುವುದು ನಮ್ಮ ಕೆಲಸ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದ ಎಣ್ಮಕಜೆಯಂಥ ಊರುಗಳಲ್ಲಿ ನರದ ತೊಂದರೆ ಕಂಡ ಕೂಡಲೇ ಮನಸ್ಸು ಅತ್ತ ಹೋಗುವುದು ಸಹಜ. ಆ ನೋವು ಸುಳ್ಳಲ್ಲ. ಆದರೆ ಆ ಊಹೆಯಲ್ಲೇ ನಿಂತು ನರರೋಗ ತಜ್ಞರ ಹತ್ತಿರ ಹೋಗದೆ ಉಳಿದರೆ, ಬೇಗ ಶುರು ಮಾಡಬೇಕಾದ ಎಂಎಸ್ ಚಿಕಿತ್ಸೆ ಕೈತಪ್ಪಿಹೋಗುತ್ತದೆ.

ಐದನೆಯ ಹೆಜ್ಜೆ: ಕೈ ಏನು ಮಾಡಬಲ್ಲದು

ಒಂದು ಲೋಟದಲ್ಲಿ ಮುಕ್ಕಾಲು ಭಾಗ ತಣ್ಣೀರು ತುಂಬಿ ಇನ್ನೊಂದು ಖಾಲಿ ಲೋಟಕ್ಕೆ ಸುರಿಯಲು ಹೇಳಿ. ಕೆಳಗೆ ತಟ್ಟೆಯಿರಲಿ. ತಟ್ಟೆಗೆ ಬಿದ್ದ ನೀರನ್ನು ಸಿರಪ್ ಬಾಟಲಿಯ ಅಳತೆ ಮುಚ್ಚಳದಿಂದ ಅಳೆದು ಬರೆಯಿರಿ. ಬಿಸಿ ಕಾಫಿಯಲ್ಲಿ ಈ ಪರೀಕ್ಷೆ ಎಂದಿಗೂ ಬೇಡ.

ಗೆರೆಯಿಲ್ಲದ ಹಾಳೆಯಲ್ಲಿ, ಕೈಯನ್ನು ಮೇಜಿಗೆ ಊರದೆ, ನಡುವಿನಿಂದ ಹೊರಕ್ಕೆ ಸುರುಳಿ ಬರೆಸಿ, ಬಲಗೈಯಲ್ಲೊಂದು, ಎಡಗೈಯಲ್ಲೊಂದು. ಅದೇ ಹಾಳೆಯ ಕೆಳಗೆ ಸಹಿ. ಸುರುಳಿಯ ಗೆರೆ ಎಲ್ಲಿ ಒಂದನ್ನೊಂದು ಕಡಿಯುತ್ತದೆ ಎಂಬುದು ವೈದ್ಯರಿಗೆ ಬಹಳ ಹೇಳುತ್ತದೆ. ಸಹಿ ಬ್ಯಾಂಕಿನದಕ್ಕೆ ಹೊಂದದಷ್ಟು ಬದಲಾಗಿದ್ದರೆ ಪಿಂಚಣಿ ನಿಲ್ಲುವ ಮೊದಲೇ ಬ್ಯಾಂಕಿಗೆ ತಿಳಿಸಿ, ಹೆಬ್ಬೆಟ್ಟಿನ ವ್ಯವಸ್ಥೆಯ ಬಗ್ಗೆ ವಿಚಾರಿಸಿ.

ಆಸ್ಪತ್ರೆಗಳಲ್ಲಿ ಒಂಬತ್ತು ರಂಧ್ರಗಳ ಹಲಗೆಯೊಂದಿದೆ. ಒಂಬತ್ತು ಸಣ್ಣ ಕಡ್ಡಿಗಳನ್ನು ಒಂದೊಂದಾಗಿ ರಂಧ್ರಕ್ಕೆ ಹಾಕಿ ಮತ್ತೆ ತೆಗೆಯಲು ಎಷ್ಟು ಸೆಕೆಂಡು ಬೇಕೆಂದು ಪ್ರತಿ ಕೈಗೂ ಎರಡೆರಡು ಸಲ ಅಳೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಬದಲಿಯಾಗಿ ನಾನು ಬಳಸುವುದು ಚೆನ್ನೆಮಣೆ. ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿ. ಬಟ್ಟಲಲ್ಲಿ ಹದಿನಾಲ್ಕು ಮಂಜೊಟ್ಟಿ ಬೀಜ ಹಾಕಿ, ಮಣೆಯ ಪಕ್ಕದಲ್ಲಿಟ್ಟು, ಒಂದೊಂದೇ ಎತ್ತಿ ಒಂದೊಂದು ಗುಳಿಗೆ ಹಾಕಲು ಹೇಳಿ. ಮೊದಲು ರೂಢಿಯ ಕೈ, ಆಮೇಲೆ ಇನ್ನೊಂದು. ಸೆಕೆಂಡುಗಳನ್ನೂ ಕೈತಪ್ಪಿ ಬಿದ್ದ ಬೀಜಗಳನ್ನೂ ಬರೆಯಿರಿ. ನುಣುಪಾದ ಆ ಕೆಂಪು ಬೀಜವನ್ನು ಚಿಟಿಕೆಯಲ್ಲಿ ಹಿಡಿಯುವುದೇ ಒಂದು ಪರೀಕ್ಷೆ: ಎತ್ತುವಾಗ ಬಿದ್ದರೆ ಬೆರಳಿನ ಸ್ಪರ್ಶದ ಅಥವಾ ಶಕ್ತಿಯ ಕೊರತೆ, ಗುಳಿಯ ಅಂಚಿಗೆ ಬಂದು ಹೊರಗೆ ಬಿದ್ದರೆ ನಡುಕ. ಇದರ ಸೆಕೆಂಡುಗಳನ್ನು ಆಸ್ಪತ್ರೆಯ ಹಲಗೆಯ ಸೆಕೆಂಡುಗಳೊಂದಿಗೆ ಹೋಲಿಸುವಂತಿಲ್ಲ. ಅದೇ ವ್ಯಕ್ತಿಯ ಕಳೆದ ತಿಂಗಳಿನ ಲೆಕ್ಕದೊಂದಿಗೆ ಮಾತ್ರ ಹೋಲಿಸಿ. ಆಟಿ ತಿಂಗಳು ಕಳೆದ ಮೇಲೆ ಚೆನ್ನೆಮಣೆ ಇಳಿಸಬಾರದೆಂದು ನಂಬಿದ ಹಿರಿಯರಿದ್ದರೆ ಅವರ ಮನಸ್ಸು ನೋಯಿಸಬೇಡಿ, ಮೊಟ್ಟೆಯ ಟ್ರೇಯಲ್ಲಿ ಹದಿನಾಲ್ಕು ಗುಳಿ ಗುರುತು ಮಾಡಿಕೊಂಡರೆ ಆಯಿತು.

ಮನೆಯಲ್ಲಿ ಅಡಿಕೆ ಸುಲಿಯುವ, ಮೆಟ್ಟುಕತ್ತಿಯಲ್ಲಿ ತರಕಾರಿ ಕೊಚ್ಚುವ ಕೆಲಸ ಅವರದಾಗಿದ್ದರೆ ಅದನ್ನು ಕಣ್ಣಾರೆ ನೋಡಿ. ಗುರಿಯ ಹತ್ತಿರ ಹೆಚ್ಚುವ ನಡುಕಕ್ಕೂ ಸ್ಥಿರವಾಗಿ ನಿಂತ ಅಲಗಿಗೂ ಹೊಂದುವುದಿಲ್ಲ. 3ಕ್ಕಿಂತ ಮೇಲಿನ ಅಂಕ ಬಂದವರು ಆ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಆರನೆಯ ಹೆಜ್ಜೆ: ಕಣ್ಣು, ಕಾಲು, ನಡಿಗೆ

ಮಂಜೊಟ್ಟಿ ಬೀಜ ಕೈಯಲ್ಲಿರುವಾಗಲೇ ಕಣ್ಣನ್ನೂ ನೋಡಿ. ಒಂದು ಕಣ್ಣು ಮುಚ್ಚಿ ಬೀಜದ ಕೆಂಪನ್ನು ನೋಡಲಿ, ಆಮೇಲೆ ಇನ್ನೊಂದು. ಒಂದು ಕಣ್ಣಿಗೆ ಕೆಂಪು ಮಾಸಿದಂತೆ ಕಂಡರೆ, ಕಣ್ಣು ಹೊರಳಿಸುವಾಗ ನೋವಿದ್ದರೆ ಕಣ್ಣಿನ ನರದ ಉರಿಯೂತ ಇರಬಹುದು. ಅಂದೇ ವೈದ್ಯರಿಗೆ ತಿಳಿಸಿ. ಎರಡಾಗಿ ಕಾಣುವುದು ಒಂದು ಕಣ್ಣು ಮುಚ್ಚಿದರೆ ಹೋಗುತ್ತದೆಯೇ ಎಂದೂ ಕೇಳಿ.

ನಡಿಗೆಗೆ 25 ಅಡಿ, ಅಂದರೆ 7.62 ಮೀಟರು ಅಳೆದು ಎರಡು ತುದಿಗೆ ಗುರುತು ಹಾಕಿ. ಅಡಿಕೆ ಒಣಗಿಸುವ ಅಂಗಳ ಬೇಡ, ಮಳೆಗಾಲದಲ್ಲಂತೂ ಪಾಚಿಯಿಂದ ಜಾರುತ್ತದೆ. ಉದ್ದದ ಜಗಲಿ, ಇಲ್ಲವೇ ಹತ್ತಿರದ ಶಾಲೆಯ ವರಾಂಡ ಸಾಕು. ಅಪಾಯವಿಲ್ಲದಷ್ಟು ವೇಗವಾಗಿ ಎರಡು ಸಲ ನಡೆಯಲಿ, ಸರಾಸರಿ ಬರೆಯಿರಿ. ಕೋಲು ಬಳಸಿದರೆ ಅದನ್ನೂ ನಮೂದಿಸಿ. ಈ ಸಮಯ 20% ಹೆಚ್ಚಾದರೆ ನಿಜವಾದ ಬದಲಾವಣೆ ಎಂದು ತಜ್ಞರು ಪರಿಗಣಿಸುತ್ತಾರೆ: 8 ಸೆಕೆಂಡಿನವರು 9.6ಕ್ಕೆ ಬಂದರೆ ಮಾತಾಡಬೇಕಾದ ವಿಷಯ.

ಕಾಲಿನ ಬಿಗಿತ ನೋಡಲು ಮಲಗಿಸಿ, ಮೊಣಕಾಲನ್ನು ಮೊದಲು ಮೆಲ್ಲನೆ, ಆಮೇಲೆ ಬೇಗ ಮಡಚಿ ಬಿಡಿಸಿ. ಬೇಗ ಮಾಡಿದಾಗ ಮಾತ್ರ ತಡೆದು ಹಿಡಿದಂತಾದರೆ ಅದು ನರದಿಂದ ಬಂದ ಬಿಗಿತ. ಇದ್ದಕ್ಕಿದ್ದಂತೆ ಬಿಗಿತ ಹೆಚ್ಚಿದರೆ ಮೂತ್ರದ ಸೋಂಕು, ಮಲಬದ್ಧತೆ, ಬೆನ್ನಿನ ಹುಣ್ಣು, ಬಿಗಿಯಾದ ಚಪ್ಪಲಿ ಇವನ್ನು ಮೊದಲು ಹುಡುಕಿ. ಬಿಗಿತ ತಗ್ಗಿಸುವ ಬ್ಯಾಕ್ಲೊಫೆನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಗಡಿಯಾಚೆಯ ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುತ್ತದೆಂದಾದರೆ ಮುಗಿಯುವ ಎರಡು ವಾರ ಮೊದಲೇ ತರಿಸಿ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಪಟ್ಟ ಪಾಡು ಇಲ್ಲಿಯವರಿಗೆ ನೆನಪಿದೆ.

ಏಳನೆಯ ಹೆಜ್ಜೆ: ಸುಸ್ತು ಮತ್ತು ಸೆಕೆ

ಎಂಎಸ್‌ನ ಸುಸ್ತು ತೋಟದ ಕೆಲಸ ಮಾಡಿ ಬಂದಾಗಿನ ಸುಸ್ತಲ್ಲ. ರಾತ್ರಿ ಚೆನ್ನಾಗಿ ನಿದ್ದೆಯಾಗಿ, ಏನೂ ಮಾಡದೆ ಇದ್ದರೂ ಹತ್ತು ಗಂಟೆಗೆ ಮೈ ಕುಸಿಯಬಹುದು. ಹೊರಗಿನಿಂದ ನೋಡುವವರಿಗೆ ಸೋಮಾರಿತನದಂತೆ ಕಾಣುತ್ತದೆ, ಸೊಸೆಯಾದರಂತೂ ಮಾತು ಬೇಗ ಬರುತ್ತದೆ. ದಿನಕ್ಕೆ ಮೂರು ಹೊತ್ತು, 0ಯಿಂದ 10ರೊಳಗೆ ಒಂದು ಅಂಕವನ್ನು ಅವರೇ ಬರೆಯಲಿ; ಒಂದು ವಾರ ಸಾಕು. ಯಾವ ಹೊತ್ತಿನಲ್ಲಿ ಮೈ ಕೈಕೊಡುತ್ತದೆ ಎಂಬುದು ಪುಟದಲ್ಲಿ ಎದ್ದು ಕಂಡಾಗ ಮನೆಯ ಕೆಲಸ ಹಂಚಲು ಮನೆಯವರೂ ಒಪ್ಪುತ್ತಾರೆ. ರಕ್ತಹೀನತೆ, ಥೈರಾಯ್ಡ್, ನಿದ್ದೆಯ ತೊಂದರೆ, ಕೆಲವು ಮಾತ್ರೆಗಳು ಇವೂ ಸುಸ್ತು ತರುವುದರಿಂದ ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟಬಾರದು.

ಸೆಕೆಯ ಪಾಲು ನಮ್ಮ ಕರಾವಳಿಯಲ್ಲಿ ದೊಡ್ಡದು. ಮೈಯ ಉಷ್ಣತೆ ಅರ್ಧ ಡಿಗ್ರಿಯಷ್ಟು ಏರಿದರೂ ಪೊರೆ ಕಳೆದುಕೊಂಡ ನರದಲ್ಲಿ ಸಂದೇಶ ಇನ್ನಷ್ಟು ಕುಂಟಬಹುದು. ಮೈ ದಣಿದಾಗ ದೃಷ್ಟಿ ಮಸುಕಾಗುವುದನ್ನು 1890ರಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಟ್‌ಹೋಫ್ ಬರೆದಿಟ್ಟರು. ಹಾಗಾಗಿ ಇದಕ್ಕೆ ಅವರದೇ ಹೆಸರು. ಬಚ್ಚಲಿನ ಹಂಡೆಯ ಬಿಸಿನೀರು ಹೊಯ್ದುಕೊಂಡು ಬಂದಾಗ, ಏಪ್ರಿಲ್ ಮಧ್ಯಾಹ್ನ ಬಸ್ಸಿನಿಂದ ಇಳಿದಾಗ ಕಣ್ಣು ಮಂಜಾಗಿ ಕೈ ಹೆಚ್ಚು ನಡುಗಿ, ತಣ್ಣನೆಯ ಜಾಗದಲ್ಲಿ ಕುಳಿತ ಮೇಲೆ ಸರಿಹೋದರೆ ಅದು ಹೊಸ ಪೆಟ್ಟಲ್ಲ. ಒದ್ದೆ ಬಟ್ಟೆ, ಫ್ಯಾನ್, ತಂಪು ಮಜ್ಜಿಗೆ ಸಾಕಾಗುತ್ತದೆ.

ರೋಗ ಮರುಕಳಿಸಿದೆ ಎಂದು ವೈದ್ಯರು ಹೇಳುವುದು ಯಾವಾಗ? ಹೊಸ ಲಕ್ಷಣ, ಅಥವಾ ಹಳೆಯದರ ಸ್ಪಷ್ಟ ಹೆಚ್ಚಳ 24 ಗಂಟೆಗಿಂತ ಹೆಚ್ಚು ಉಳಿದಿರಬೇಕು, ಜ್ವರವಾಗಲಿ ಸೋಂಕಾಗಲಿ ಇರಬಾರದು, ಹಿಂದಿನ ಸಲದಿಂದ 30 ದಿನ ಕಳೆದಿರಬೇಕು. ಆದ್ದರಿಂದ ನಡುಕ ಹೆಚ್ಚಾಯಿತೆಂದಾಗ ಮೊದಲು ಥರ್ಮಾಮೀಟರ್ ಇಡಿ, ಮೂತ್ರ ಪರೀಕ್ಷೆ ಮಾಡಿಸಿ.

ಎಂಟನೆಯ ಹೆಜ್ಜೆ: ಯಾರೂ ಹೇಳದ ಲಕ್ಷಣಗಳು

ಮೂತ್ರದ ಪ್ರಶ್ನೆಯನ್ನು ಜಗಲಿಯಲ್ಲಿ ಕೇಳಬೇಡಿ. ಒಳಗೆ ಹೋಗಿ, ಮಾವ, ಗಂಡ, ಮಕ್ಕಳು ಇಲ್ಲದ ಹೊತ್ತಿನಲ್ಲಿ, ಸಾಧ್ಯವಾದರೆ ಹೆಂಗಸರನ್ನು ಹೆಂಗಸರೇ ಕೇಳಲಿ. ತಡೆಯಲಾಗದೆ ಓಡಬೇಕಾಗುತ್ತದೆಯೇ, ಬಟ್ಟೆ ಒದ್ದೆಯಾಗುತ್ತದೆಯೇ, ಹೋಗಿ ಬಂದ ಮೇಲೂ ಉಳಿದಂತೆ ಅನಿಸುತ್ತದೆಯೇ, ರಾತ್ರಿ ಎಷ್ಟು ಸಲ? ಮೂರು ದಿನ ಕುಡಿದ ನೀರಿನ ಮತ್ತು ಹೋದ ಮೂತ್ರದ ಲೆಕ್ಕ ಹಳೆಯ ಅಳತೆ ಮಗ್ಗಿನಲ್ಲಿ ಬರೆಸಿ. ಬಸ್ ನಿಲ್ದಾಣದ ಶೌಚಾಲಯಕ್ಕೆ ಹೆದರಿ ಆಸ್ಪತ್ರೆಗೆ ಹೋಗುವ ದಿನ ನೀರೇ ಕುಡಿಯದವರನ್ನು ನಾನು ಬಹಳ ಕಂಡಿದ್ದೇನೆ. ಸೋಂಕು, ಮಲಬದ್ಧತೆ, ಬಿಗಿತ ಎಲ್ಲವೂ ಅಲ್ಲಿಂದ ಶುರುವಾಗುತ್ತವೆ. ಮೂತ್ರ ಹೋದ ಮೇಲೆ ಮೂತ್ರಕೋಶದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ಉಳಿಯುತ್ತಿದೆಯೇ ಎಂದು ಸ್ಕ್ಯಾನ್ ಹೇಳುತ್ತದೆ; ಲೆಕ್ಕದ ಪುಟ ತೋರಿಸಿ ಆ ಸ್ಕ್ಯಾನ್ ಕೇಳಿ ಪಡೆಯಿರಿ. 2008ರಲ್ಲೇ ಪಾಲಿಯೇಟಿವ್ ನೀತಿ ತಂದ ರಾಜ್ಯ ಕೇರಳ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಕ್ಯಾನ್ಸರ್ ಇರುವವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಬಿಡಿ.

ನೆನಪು ಮತ್ತು ಗಮನದ ಬಗ್ಗೆ ಕೇಳುವಾಗ ಅವರು ಯೋಚಿಸುವ ಭಾಷೆಯಲ್ಲೇ ಕೇಳಿ. ಮನೆಮಾತು ತುಳುವೋ ಬ್ಯಾರಿಯೋ ಮರಾಠಿಯೋ ಆಗಿರುವವರು ಮಲಯಾಳದ ಪ್ರಶ್ನೆಗೆ ತಡವಾಗಿ ಉತ್ತರಿಸಿದರೆ ಅದು ರೋಗವಲ್ಲ. ಹಾಲಿನ ಸೊಸೈಟಿಯ ಲೆಕ್ಕ ತಪ್ಪುತ್ತಿದೆಯೇ, ಅಡುಗೆಯ ನಡುವೆ ಏನು ಮಾಡುತ್ತಿದ್ದೆನೆಂದು ಮರೆಯುತ್ತದೆಯೇ ಎಂಬಂಥ ಪ್ರಶ್ನೆಗಳೇ ಸಾಕು. ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೆ ಕರೆಂಟು ಹೊಡೆದಂತಾಗುವುದು, ಎದೆಯ ಸುತ್ತ ಪಟ್ಟಿ ಬಿಗಿದಂತಾಗುವುದು, ಕಾಲು ಜೋಮು ಹಿಡಿಯುವುದು ಇವನ್ನು ಹೌದು-ಇಲ್ಲ ಎಂದು ಗುರುತಿಸಿದರೆ ಆಯಿತು.

ಮನಸ್ಸಿನ ಕುಗ್ಗುವಿಕೆ ಎಂಎಸ್‌ನಲ್ಲಿ ಬಹಳ ಸಾಮಾನ್ಯ, ಚಿಕಿತ್ಸೆಯಿಂದ ಸುಧಾರಿಸುವಂಥದ್ದು. ‘ಬದುಕಿದ್ದು ಏನು ಮಾಡುವುದು ಎಂದು ಅನಿಸುತ್ತದೆಯೇ?’ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಹೌದೆಂದರೆ ಅವರನ್ನು ಒಬ್ಬರೇ ಬಿಡದೆ ವೈದ್ಯರನ್ನು ಕಾಣಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ.

ಕಾಯದೆ ಹೋಗಬೇಕಾದ ಸಂದರ್ಭಗಳಿವೆ. ನುಂಗುವಾಗ ಪದೇ ಪದೇ ಕೆಮ್ಮು ಅಥವಾ ಉಸಿರು ಕಟ್ಟುವುದು, ಮೂತ್ರ ಪೂರ್ತಿ ನಿಂತುಹೋಗುವುದು, ಎರಡು ಕಾಲೂ ಒಂದೆರಡು ದಿನದಲ್ಲಿ ಸೋಲುವುದು, ಒಂದು ಕಣ್ಣು ಕಾಣದಾಗುವುದು. ಮುಖದ ಒಂದು ಬದಿ ಅಥವಾ ಮಾತು ಇದ್ದಕ್ಕಿದ್ದಂತೆ ಹೋದರೆ ಎಂಎಸ್ ಎಂದು ಕಾಯಬೇಡಿ, ಪಾರ್ಶ್ವವಾಯು ಇರಬಹುದು. 108ಕ್ಕೆ ಕರೆ ಮಾಡಿ.

ಬರೆದ ಪುಟ ಹೇಗಿರಬೇಕು

ಉದ್ದದ ವರದಿ ಬೇಡ. ಒಂದು ತಿಂಗಳ ಪುಟ ಇಷ್ಟಿದ್ದರೆ ಸಾಕು:

ಬೆಳಗ್ಗೆ 10. ಜ್ವರ ಇಲ್ಲ. ನಿದ್ದೆ 6 ಗಂಟೆ. ಬಲಗೈ: ಸುಮ್ಮನೆ 0, ಚಾಚಿದಾಗ 1, ಮೂಗು-ಬೆರಳು 3. ಎಡಗೈ: 0, 0, 1. ಚೆನ್ನೆಮಣೆ: ಬಲ 52 ಸೆಕೆಂಡು, 3 ಬೀಜ ಅಂಚಿನಲ್ಲಿ ಬಿತ್ತು, ಎಡ 24. ನಡಿಗೆ 8.1, 8.5, ಸರಾಸರಿ 8.3, ಕೋಲು ಇಲ್ಲ. ಸುಸ್ತು: ಬೆಳಗ್ಗೆ 3, ಮಧ್ಯಾಹ್ನ 8, ರಾತ್ರಿ 6. ಮೂತ್ರ ರಾತ್ರಿ 3 ಸಲ. ಬಿಟ್ಟ ಕೆಲಸ: ಮಧ್ಯಾಹ್ನದ ಅಡುಗೆ. ಕಾರಣ: ಸುಸ್ತು.

ಕೊನೆಯ ಎರಡು ವಾಕ್ಯಗಳನ್ನು ಎಂದೂ ಖಾಲಿ ಬಿಡಬೇಡಿ. ಈ ಪುಟದಲ್ಲಿ ಬಲಗೈಗೆ 3 ಇದೆ, ಆದರೂ ವೈದ್ಯರ ಮುಂದೆ ಮೊದಲು ಎತ್ತಬೇಕಾದದ್ದು ಮಧ್ಯಾಹ್ನದ 8.

ತಿಂಗಳಿಗೊಮ್ಮೆ ಅಳೆದರೆ ಸಾಕು. ಹೊಸ ಔಷಧಿ ಶುರುವಾದರೆ ಮೊದಲೊಮ್ಮೆ, ಆಮೇಲೆ ವೈದ್ಯರು ಹೇಳಿದ ಹೊತ್ತಿಗೊಮ್ಮೆ. ದಿನಾ ಅಳೆಯುವ ಮನೆಗಳಲ್ಲಿ ಆ ವ್ಯಕ್ತಿಗೆ ಪರೀಕ್ಷೆಯೇ ಬೇಸರವಾಗಿಬಿಡುತ್ತದೆ. ಒಮ್ಮೆಲೇ ಎಲ್ಲ ಹೆಜ್ಜೆ ಮುಗಿಸಬೇಕೆಂದೂ ಇಲ್ಲ. ಸುಸ್ತಾದರೆ ಅಲ್ಲಿಗೆ ನಿಲ್ಲಿಸಿ, ನಿಲ್ಲಿಸಿದ ಜಾಗವನ್ನು ಬರೆದು, ಮರುದಿನ ಅದೇ ಹೊತ್ತಿಗೆ ಮುಂದುವರಿಸಿ.

ಈ ಪುಸ್ತಕ ಇನ್ನೊಂದು ಕಡೆಯೂ ಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿದೆ. 40% ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ಮೆಡಿಕಲ್ ಬೋರ್ಡಿನ ಮುಂದೆ ಬೆಳಗ್ಗೆ ವಿಶ್ರಾಂತಿಯಾಗಿ ಕುಳಿತವರನ್ನು ನೋಡಿದವರಿಗೆ ಅವರ ಮಧ್ಯಾಹ್ನ ಗೊತ್ತಾಗುವುದಿಲ್ಲ. ಆರು ತಿಂಗಳ ಪುಟಗಳ ಪ್ರತಿ, ಸುರುಳಿ ಬರೆದ ಹಾಳೆಗಳು, ವಿಡಿಯೊ ತೆಗೆದುಕೊಂಡು ಹೋಗಿ, ಕಾಲಿನ ಜತೆ ಕೈಯನ್ನೂ ಪರೀಕ್ಷಿಸುವಂತೆ ಕೇಳಿ. ಪ್ರತಿಗಳನ್ನು ಕೊಡಿ, ಮೂಲ ಪುಸ್ತಕವನ್ನು ಮನೆಗೆ ತನ್ನಿ. ಮುಂದಿನ ತಿಂಗಳ ಪುಟ ಅದರಲ್ಲೇ ಬರೆಯಬೇಕು.